'ಮೇಲ್ಪಟ್ಟು', 'ಮೀರಿ', 'ವರೆಗೆ': ಶೀಟಿನ ಸೂತ್ರದಲ್ಲಿ ಅಂಚಿನ ಅಂಕಿ ಯಾವ ಕಡೆಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಶಾಲಾ ಸಿಬ್ಬಂದಿಗಾಗಿ ಎಕ್ಸೆಲ್ ಮತ್ತು ಲಿಬ್ರೆಆಫೀಸ್ ಕ್ಯಾಲ್ಕ್ ಕಲಿಸುವ ಕನ್ನಡ ಕೈಪಿಡಿಯ ಕರಡಿನಲ್ಲಿ, ಅಂಕಕ್ಕೆ ಗ್ರೇಡ್ ಹಾಕುವ ಪಾಠಕ್ಕೆ ಮೂರು ಪದಗಳ ತೊಡಕು ಬಂದಿದೆ. ಇಫ್ (ಷರತ್ತು ನಿಜವಾದರೆ ಒಂದು ಫಲ, ಇಲ್ಲದಿದ್ದರೆ ಇನ್ನೊಂದು ಫಲ ಕೊಡುವ ಫಂಕ್ಷನ್) ಒಳಗೆ ಇನ್ನೊಂದು ಇಫ್ ಬರೆಯುವ 'ನೆಸ್ಟೆಡ್'ಗೆ ಕರಡಿನಲ್ಲಿ 'ಗೂಡೀಕೃತ ಷರತ್ತು' ಎಂದಿದೆ. 'ರೇಂಜ್'ಗೆ ಒಂದು ಕಡೆ ವ್ಯಾಪ್ತಿ, ಇನ್ನೊಂದು ಕಡೆ ಶ್ರೇಣಿ. ಮೂರನೆಯದೇ ಮುಖ್ಯ: '60ಕ್ಕಿಂತ ಮೇಲೆ', '60 ಮೇಲ್ಪಟ್ಟು', '60 ಮೀರಿ', '60 ಮತ್ತು ಮೇಲೆ' ಇವನ್ನು ಒಂದರ ಬದಲು ಇನ್ನೊಂದಾಗಿ ಬಳಸಲಾಗಿದೆ. ಓದುವವರು > (ಹೆಚ್ಚು) ಹಾಕಬೇಕೋ >= (ಹೆಚ್ಚು ಅಥವಾ ಸಮ) ಹಾಕಬೇಕೋ? ಈ ಮಾತುಗಳಿಗೆ ನಿಖರವಾದ ಅರ್ಥವಿದೆಯೇ?

ಉತ್ತರ

ಮೂರನೆಯದರಿಂದಲೇ ಶುರು ಮಾಡೋಣ ಸರ್. ಮೊದಲೆರಡು ತಪ್ಪಾದರೆ ಓದುಗರಿಗೆ ಕಿರಿಕಿರಿ ಅಷ್ಟೆ, ಮೂರನೆಯದು ತಪ್ಪಾದರೆ ಒಂದು ಮಗುವಿನ ಗ್ರೇಡೇ ಬದಲಾಗುತ್ತದೆ.

ಕನ್ನಡದಲ್ಲಿ ಅಂಚನ್ನು ಹೇಳುವ ಕೆಲಸವನ್ನು ಕ್ರಿಯಾಪದಕ್ಕೆ ಬಿಟ್ಟರೆ ಗೊಂದಲವಿಲ್ಲ. 'ತುಂಬು', 'ಪೂರೈಸು', 'ಮುಟ್ಟು' ಇವು ಅಂಚನ್ನು ಒಳಗೆ ಸೇರಿಸಿಕೊಳ್ಳುತ್ತವೆ; ಸೂತ್ರದಲ್ಲಿ >=. 'ಮೀರು', 'ದಾಟು' ಅಂಚನ್ನು ಹೊರಗೆ ಬಿಡುತ್ತವೆ, ಸೂತ್ರದಲ್ಲಿ >. ನೇಮಕಾತಿ ಪ್ರಕಟಣೆಗಳ 'ಕನಿಷ್ಠ 18 ವರ್ಷ ಪೂರೈಸಿರಬೇಕು, ಗರಿಷ್ಠ 35 ವರ್ಷ ಮೀರಿರಬಾರದು' ಎಂಬ ವಾಕ್ಯ ಈ ದೃಷ್ಟಿಯಿಂದ ಅಚ್ಚುಕಟ್ಟು. ಪೂರೈಸಿರಬೇಕು ಅಂದರೆ >=18, ಮೀರಿರಬಾರದು ಅಂದರೆ <=35. ಸಂವಿಧಾನದ 326ನೇ ವಿಧಿಯಲ್ಲಿ ಮತದಾರರ ವಯಸ್ಸು '18 ವರ್ಷಕ್ಕಿಂತ ಕಡಿಮೆಯಿಲ್ಲದ' ಎಂಬ ಅರ್ಥದಲ್ಲಿದೆ. ಎರಡು ನಕಾರ ಸುತ್ತಿ ಬಂದರೂ ಅದೂ >= ಆಗುತ್ತದೆ.

'ಕ್ಕಿಂತ' ಬಂದರೆ ಅಂಚು ಹೊರಗೆ. 60ಕ್ಕಿಂತ ಹೆಚ್ಚು ಅಂದರೆ 60 ಸೇರದು. ತಕರಾರು ಇರುವುದು 'ಮೇಲ್ಪಟ್ಟು' ಎಂಬುದರಲ್ಲಿ. 60 ವರ್ಷ ಮೇಲ್ಪಟ್ಟ ಹಿರಿಯ ನಾಗರಿಕರು ಅಂದಾಗ 60 ತುಂಬಿದವರೂ ಸೇರುತ್ತಾರೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಲ್ಲೂ ಹಿರಿಯ ನಾಗರಿಕ ಅಂದರೆ 60 ವರ್ಷ ತಲುಪಿದ ಅಥವಾ ಅದಕ್ಕೂ ಹೆಚ್ಚಿನ ವಯಸ್ಸಿನವರು. ಆದರೂ ಪದವನ್ನು ಬಿಡಿಸಿ ನೋಡಿದರೆ 'ಮೇಲೆ' ಇರುವುದು ಅಂಚಿನ ಆಚೆಗೇ. ಆದ್ದರಿಂದ ಪಾಠದಲ್ಲಿ ಈ ಪದ ಬೇಡ. '60 ಮತ್ತು ಮೇಲೆ' ಎಂದೇ ಬರೆಯಿರಿ.

ಈಗ ಸೂತ್ರ. ಎಸ್ಸೆಸ್ಸೆಲ್ಸಿಯ 625 ಅಂಕಗಳನ್ನು ಶೇ. 90, 80, 70, 60, 50ರಲ್ಲಿ ಕತ್ತರಿಸಿದರೆ ಮಿತಿಗಳು 562.5, 500, 437.5, 375, 312.5. ಅರ್ಧ ಅಂಕ ಇಲ್ಲದ ಮೊತ್ತಕ್ಕೆ 563, 500, 438, 375, 313 ಆಗುತ್ತವೆ. (ಫಂಕ್ಷನ್ ಹೆಸರನ್ನು ಓದಲಿಕ್ಕೆಂದು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ಶೀಟಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪಿಸಬೇಕು.)

=ಇಫ್(ಬಿ2>=563,"ಎ+",ಇಫ್(ಬಿ2>=500,"ಎ",ಇಫ್(ಬಿ2>=438,"ಬಿ+",ಇಫ್(ಬಿ2>=375,"ಬಿ",ಇಫ್(ಬಿ2>=313,"ಸಿ+","ಸಿ")))))

ಎಷ್ಟು ಇಫ್ ತೆರೆದಿದೆಯೋ ಕೊನೆಯಲ್ಲಿ ಅಷ್ಟೇ ಕಂಸ ಮುಚ್ಚಬೇಕು, ಇಲ್ಲಿ ಐದು. ಅನುತ್ತೀರ್ಣರಿಗೆ ಇನ್ನೊಂದು ಮೆಟ್ಟಿಲು ಬೇಕು, ಅದನ್ನು ಬಿಟ್ಟಿದ್ದೇನೆ. ಎರಡನೆಯ ಇಫ್‌ನಲ್ಲಿ '563ಕ್ಕಿಂತ ಕಡಿಮೆ' ಎಂದು ಮತ್ತೆ ಬರೆದಿಲ್ಲ, ಗಮನಿಸಿ. 563 ಮುಟ್ಟಿದವರು ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟಿರುತ್ತಾರೆ. ಕೆಳಗೆ ಇಳಿಯುವವರು ಉಳಿದವರು ಮಾತ್ರ. >= ಬಳಸುವಾಗ ದೊಡ್ಡ ಮಿತಿಯಿಂದ ಇಳಿಯಬೇಕಾದದ್ದೂ ಇದೇ ಕಾರಣಕ್ಕೆ. 313ರಿಂದ ಶುರು ಮಾಡಿದರೆ 600 ಬಂದವರೂ ಮೊದಲ ಮೆಟ್ಟಿಲಲ್ಲೇ 'ಸಿ+' ಹಿಡಿದು ಕೂರುತ್ತಾರೆ.

ಹಾಗಾಗಿ 'ಗೂಡು' ಬೇಡ. ಕೇಳಿದರೆ ಹಕ್ಕಿಯೇ ನೆನಪಾಗುತ್ತದೆ, ಅರ್ಥವೂ ಹೊಂದುವುದಿಲ್ಲ. ಬರವಣಿಗೆಯಲ್ಲಿ ಒಂದರೊಳಗೊಂದು ಇದ್ದರೂ ಕೆಲಸದಲ್ಲಿ ಇದು 'ಇಲ್ಲದಿದ್ದರೆ… ಇಲ್ಲದಿದ್ದರೆ…' ಎಂಬ ಸರಪಳಿ. ಪಾಠದಲ್ಲಿ 'ಒಂದರೊಳಗೊಂದು ಇಫ್', ವಿವರಣೆಯಲ್ಲಿ 'ಇಲ್ಲದಿದ್ದರೆ ಸರಪಳಿ' ಸಾಕು. ಎಕ್ಸೆಲ್ 2003ರ ತನಕ ಇದರಲ್ಲಿ 7 ಹಂತಗಳಿಗಷ್ಟೇ ಅವಕಾಶವಿತ್ತು, 2007ರಿಂದ 64. ಅಷ್ಟು ಬೇಕಾದವರಿಗೆ ಬೇಕಾದದ್ದು ಪಟ್ಟಿ, ಸರಪಳಿಯಲ್ಲ.

'ರೇಂಜ್' ವಿಷಯ ಚಿಕ್ಕದು. ಶೀಟಿನಲ್ಲಿ ರೇಂಜ್ ಅಂದರೆ ಬಿ2ರಿಂದ ಬಿ40ರ ತನಕದ ಸೆಲ್‌ಗಳ ಗುಂಪು; ಅದಕ್ಕೆ ವ್ಯಾಪ್ತಿ ಇರಲಿ. ಅಂಕದ 60ರಿಂದ 70ಕ್ಕೆ 'ಶ್ರೇಣಿ' ಅಂದರೆ ದರ್ಜೆ ಎಂದು ಓದಿಕೊಳ್ಳುತ್ತಾರೆ. ಶಾಲೆಯ ಗಣಿತದ 'ವರ್ಗಾಂತರ' ಶಿಕ್ಷಕರಿಗೆ ಪರಿಚಿತ ಪದ, ಅದೇ ಒಳ್ಳೆಯದು.

ಇನ್ನೊಂದು ಉತ್ತರ

ವರ್ಗಾಂತರ ಒಪ್ಪಿದೆ, ಆದರೆ ಅದರ ಜೊತೆ ಒಂದು ರೂಢಿಯೂ ಬರುತ್ತದೆ. ಗಣಿತದಲ್ಲಿ 10–20, 20–30 ಎಂದು ಬರೆದಾಗ 20 ಸೇರುವುದು 20–30ಕ್ಕೆ. ಮಾತಿನಲ್ಲಿ '10ರಿಂದ 20ರವರೆಗೆ' ಅಂದರೆ 20 ಮೊದಲನೆಯದಕ್ಕೇ ಸೇರಿತು. ಒಂದೇ ಅಡ್ಡಗೆರೆಯನ್ನು ಕಣ್ಣು ಒಂದು ಥರ ಓದುತ್ತದೆ, ಬಾಯಿ ಇನ್ನೊಂದು ಥರ. ಪಾಠದಲ್ಲಿ ಅಡ್ಡಗೆರೆ ಹಾಕುವುದಾದರೆ ಅದನ್ನು ಹೇಗೆ ಓದಬೇಕೆಂದು ಮೊದಲೇ ಹೇಳಿ.

'ಮೇಲ್ಪಟ್ಟು' ಅನ್ನು ಪೂರ್ತಿ ಕೈಬಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅದು ಎಲ್ಲಿ ಕೂತಿದೆ ಎಂಬುದರ ಮೇಲೆ ಅರ್ಥ ನಿಲ್ಲುತ್ತದೆ. ಒಂಟಿಯಾಗಿ ಬಂದರೆ ಅಂಚು ಒಳಗೆ, ನೀವು ಕೊಟ್ಟ ಹಿರಿಯ ನಾಗರಿಕರ ಉದಾಹರಣೆಯ ಹಾಗೆ. '4 ಲಕ್ಷದವರೆಗೆ ತೆರಿಗೆಯಿಲ್ಲ, 4 ಲಕ್ಷ ಮೇಲ್ಪಟ್ಟು 8 ಲಕ್ಷದವರೆಗೆ ಶೇ. 5' ಎಂಬಲ್ಲಿ ಹಿಂದಿನ 'ವರೆಗೆ' ಅಂಚನ್ನು ಆಗಲೇ ಎತ್ತಿಕೊಂಡಾಗಿದೆ, ಆದ್ದರಿಂದ ಹೊರಗೆ. ಇಲ್ಲಿ > ಹಾಕಿದರೂ >= ಹಾಕಿದರೂ ತೆರಿಗೆ ಬದಲಾಗುವುದಿಲ್ಲ, ಏಕೆಂದರೆ ದರ ಬೀಳುವುದು 4 ಲಕ್ಷದ ಮೇಲಿನ ಹಣಕ್ಕೆ ಮಾತ್ರ; ಅಂಚಿನಲ್ಲಿ ಆ ಹಣ ಸೊನ್ನೆ. ಗ್ರೇಡಿನಲ್ಲಿ ಹಾಗಲ್ಲ, ಅಲ್ಲಿ ಅಂಚಿನಲ್ಲಿ ನೆಗೆತವಿದೆ.

'ವರೆಗೆ' ಎಂಬುದಕ್ಕೆ ಸೂತ್ರವೂ ಬೇರೆ. '500 ಗ್ರಾಂವರೆಗೆ ಒಂದು ದರ, 1000 ಗ್ರಾಂವರೆಗೆ ಇನ್ನೊಂದು' ಎಂಬ ಪಟ್ಟಿಯನ್ನು 0, 500 ಎಂಬ ಕೆಳಂಚುಗಳಾಗಿ ಬರೆದು ವಿಲುಕಪ್ (ಪಟ್ಟಿಯಲ್ಲಿ ಹುಡುಕಿ ಹೊಂದುವ ಸಾಲಿನ ಬೆಲೆ ಕೊಡುವ ಫಂಕ್ಷನ್) ಹಾಕಿದರೆ ಸರಿಯಾಗಿ 500 ಗ್ರಾಂ ತೂಗುವ ಪೊಟ್ಟಣಕ್ಕೆ ಮೇಲಿನ ದರ ಬೀಳುತ್ತದೆ. ಅಂದಾಜು ಹೊಂದಿಕೆಯ ವಿಲುಕಪ್ ಪ್ರತಿ ಸಾಲನ್ನೂ 'ಇಷ್ಟು ಮತ್ತು ಮೇಲೆ' ಎಂದೇ ಓದುವುದು ಇದಕ್ಕೆ ಕಾರಣ. ಹೊಸ ಎಕ್ಸೆಲ್‌ನ ಎಕ್ಸ್‌ಲುಕಪ್‌ನಲ್ಲಿ ಐದನೆಯ ಜಾಗದಲ್ಲಿ -1 ಕೊಟ್ಟರೆ ಅದು 'ಮತ್ತು ಮೇಲೆ', 1 ಕೊಟ್ಟರೆ 'ವರೆಗೆ'. ಅದು ಇಲ್ಲದವರು ಇಫ್ ಸರಪಳಿಯನ್ನೇ ಚಿಕ್ಕ ಮಿತಿಯಿಂದ ದೊಡ್ಡದಕ್ಕೆ <= ಹಾಕಿ ಹತ್ತಿಸಲಿ.

'ನಡುವೆ' ಎಂಬ ಪದವೂ ಕೈ ಕೊಡುತ್ತದೆ. 35ರಿಂದ 60ರ ನಡುವೆ ಅಂತ ಓದಿ =ಇಫ್(35<=ಬಿ2<60,…) ಎಂದು ಬರೆದರೆ ಯಾವ ದೋಷಸೂಚನೆಯೂ ಬರುವುದಿಲ್ಲ, ಉತ್ತರ ಮಾತ್ರ ತಪ್ಪು. ಎಕ್ಸೆಲ್ ಮೊದಲು 35<=ಬಿ2 ನೋಡಿ ನಿಜ ಅಥವಾ ಸುಳ್ಳು ಎಂಬ ಫಲ ಪಡೆಯುತ್ತದೆ, ಆಮೇಲೆ ಆ ಫಲವನ್ನು 60ರ ಜೊತೆ ಹೋಲಿಸುತ್ತದೆ. ಎಕ್ಸೆಲ್‌ಗೆ ನಿಜ-ಸುಳ್ಳುಗಳೆರಡೂ ಎಲ್ಲ ಸಂಖ್ಯೆಗಳಿಗಿಂತ ದೊಡ್ಡವು, ಆದ್ದರಿಂದ ಯಾವಾಗಲೂ ಸುಳ್ಳು. ಕ್ಯಾಲ್ಕ್‌ನಲ್ಲಿ ನಿಜ ಅಂದರೆ 1, ಸುಳ್ಳು ಅಂದರೆ 0. ಎರಡೂ 60ಕ್ಕಿಂತ ಕಡಿಮೆ, ಆದ್ದರಿಂದ ಯಾವಾಗಲೂ ನಿಜ. ಎರಡೂ ಷರತ್ತು ನಿಜವೇ ಎಂದು ನೋಡುವ ಆ್ಯಂಡ್(ಬಿ2>=35,ಬಿ2<60) ಎಂದೇ ಬರೆಯಬೇಕು.

ಕನ್ನಡಕ್ಕೂ ಸೂತ್ರಕ್ಕೂ ನಡುವೆ ಬಿರುಕು ಬಿಡುವುದು ದಶಮಾಂಶದಲ್ಲಿ. ದೇಹತೂಕ ಸೂಚ್ಯಂಕದ ಪಟ್ಟಿಯಲ್ಲಿ 18.5–24.9 ಸಾಮಾನ್ಯ, 25–29.9 ಹೆಚ್ಚು ತೂಕ, 30 ಮತ್ತು ಮೇಲೆ ಬೊಜ್ಜು ಎಂದಿರುತ್ತದೆ. 68 ಕಿಲೋ ತೂಕ, 1.65 ಮೀಟರ್ ಎತ್ತರದವರಿಗೆ ಬರುವುದು 24.977. ಪಟ್ಟಿಯನ್ನು ಇದ್ದ ಹಾಗೇ ಆ್ಯಂಡ್‌ಗೆ ಇಳಿಸಿದರೆ ಅವರು ಯಾವ ಅಂತರಕ್ಕೂ ಸಿಗದೆ ಕೊನೆಯ 'ಇಲ್ಲದಿದ್ದರೆ'ಗೆ ಜಾರಿ 'ಬೊಜ್ಜು' ಆಗುತ್ತಾರೆ! ಮೇಲಂಚು ಬರೆಯದೆ ಕೆಳಂಚು ಮಾತ್ರ ಬರೆದರೆ ಈ ಬಿರುಕೇ ಇರುವುದಿಲ್ಲ.

ಮರುಪ್ರಶ್ನೆ

ಧನ್ಯವಾದ. ಹಾಗಾದರೆ '35 ವರ್ಷ ಮೀರಿರಬಾರದು' ಎಂಬುದಕ್ಕೆ ಡೇಟ್‌ಡಿಫ್‌ನಿಂದ ವಯಸ್ಸು ತೆಗೆದು <=35 ಹಾಕಿದರೆ ಸರಿಯೇ? ಶೇಕಡಾ ಕಾಲಮ್‌ಗೆ >=90 ಹಾಕಿದಾಗ 90 ಕಾಣುವವರಿಗೂ 'ಎ+' ಬದಲು 'ಎ' ಬರುತ್ತಿರುವುದು ಏಕೆ?

ಉತ್ತರ

ಸರಿಯಲ್ಲ. ಡೇಟ್‌ಡಿಫ್ ಕೊಡುವುದು ತುಂಬಿದ ವರ್ಷಗಳನ್ನು. 35 ವರ್ಷ 11 ತಿಂಗಳಾದವರಿಗೂ 35 ಎಂದೇ ಬರುತ್ತದೆ, ಅವರು ಮೀರಿ 11 ತಿಂಗಳಾಗಿದೆ. 'ತುಂಬಿದೆಯೇ' ಎಂದು ಕೇಳುವಾಗ ಡೇಟ್‌ಡಿಫ್ ಸರಿ, 'ಮೀರಿದೆಯೇ' ಎನ್ನುವುದಕ್ಕೆ ದಿನಾಂಕವನ್ನೇ ಹೋಲಿಸಿ: ಇಡೇಟ್(ಸಿ2,420)>=ಡಿ1. ಸಿ2 ಹುಟ್ಟಿದ ದಿನ, ಡಿ1 ಕೊನೆಯ ದಿನಾಂಕ, 420 ಅಂದರೆ 35 ವರ್ಷದ ತಿಂಗಳುಗಳು; ಇಡೇಟ್ ಹುಟ್ಟಿದ ದಿನಕ್ಕೆ ಅಷ್ಟು ತಿಂಗಳು ಕೂಡಿಸಿದ ದಿನಾಂಕ ಕೊಡುತ್ತದೆ.

ಎರಡನೆಯದು ಕಾಣಿಸುವುದಕ್ಕೂ ಇರುವುದಕ್ಕೂ ಇರುವ ವ್ಯತ್ಯಾಸ. 625ಕ್ಕೆ 562 ಅಂದರೆ 89.92. ದಶಮಾಂಶ ಮುಚ್ಚಿದ ಸೆಲ್ 90 ತೋರಿಸುತ್ತದೆ, ಸೂತ್ರ 89.92 ನೋಡುತ್ತದೆ. ರೌಂಡ್ ಹಾಕುವುದೋ ಬೇಡವೋ ಎಂಬುದು ನಿಯಮದ ಪ್ರಶ್ನೆ, ಎಕ್ಸೆಲ್‌ನದಲ್ಲ.

ಇನ್ನೊಂದನ್ನು ಪಾಠದಲ್ಲಿ ದಪ್ಪಕ್ಷರದಲ್ಲಿ ಹಾಕಿ. ಅಂಕದ ಸೆಲ್‌ನಲ್ಲಿ 'ಗೈರು' ಎಂದು ಟೈಪಿಸಿದರೆ ಆ ವಿದ್ಯಾರ್ಥಿಗೆ 'ಎ+' ಬರುತ್ತದೆ, ಏಕೆಂದರೆ ಎಕ್ಸೆಲ್‌ನಲ್ಲಿ ಅಕ್ಷರ ಯಾವ ಸಂಖ್ಯೆಗಿಂತಲೂ ದೊಡ್ಡದು. ಖಾಲಿ ಬಿಟ್ಟರೆ ಸೊನ್ನೆ ಎಂದು ಎಣಿಸಿ ಕೊನೆಯ ಗ್ರೇಡ್. ಸರಪಳಿಯ ತಲೆಗೆ, ಸೆಲ್‌ನಲ್ಲಿರುವುದು ಸಂಖ್ಯೆಯೇ ಎಂದು ನೋಡುವ ಇಫ್(ಈಸ್‌ನಂಬರ್(ಬಿ2), … ,"ಗೈರು") ಎಂದು ಒಂದು ಬಾಗಿಲು ಇಟ್ಟರೆ ಎರಡೂ ನಿಲ್ಲುತ್ತವೆ. 526 ಬದಲು 5266 ಟೈಪಿಸಿದವರನ್ನು ಮಾತ್ರ ಈ ಬಾಗಿಲು ತಡೆಯುವುದಿಲ್ಲ. ಅದಕ್ಕೆ ಡೇಟಾ ವ್ಯಾಲಿಡೇಶನ್‌ನಲ್ಲಿ 0 ಮತ್ತು 625ರ ಮಿತಿ ಬೇರೆಯಾಗಿ ಕೊಡಬೇಕು. ಅಲ್ಲಿನ 'ಬಿಟ್ವೀನ್' ಎರಡೂ ಅಂಚುಗಳನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಆದ್ದರಿಂದ ಕನ್ನಡದಲ್ಲಿ ಅದನ್ನು '0ಯಿಂದ 625ರವರೆಗೆ' ಎಂದೇ ಬರೆಯಿರಿ, 'ನಡುವೆ' ಎಂದಲ್ಲ.