ತೂಕದ ಮಷಿನ್ ಬಿಟ್ಟು ನೀವು ಇನ್ನೇನು ನೋಡುತ್ತೀರಿ?

ಕೇಳಿದವರು, ಹಾಸನ

ವಯಸ್ಸು 41, ಎತ್ತರ ಐದಡಿ ಎರಡಿಂಚು, ತೂಕ 64 ಕೆಜಿ. ನಾಲ್ಕು ತಿಂಗಳಿಂದ ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ಮುಕ್ಕಾಲು ಗಂಟೆ ನಡೆಯುತ್ತಿದ್ದೇನೆ. ಸಂಜೆ ಕಾಫಿ ಜೊತೆ ಕೋಡುಬಳೆ ಬಿಟ್ಟಿದ್ದೇನೆ. ಇಳಿದದ್ದು ಒಂದೇ ಕೆಜಿ. ಮೊನ್ನೆ ಗೃಹಪ್ರವೇಶವೊಂದರಲ್ಲಿ ಚಿಕ್ಕಮ್ಮ ಎಲ್ಲರೆದುರು "ಇನ್ನೂ ಹಾಗೇ ಇದ್ದೀಯಲ್ಲೇ" ಅಂದರು. ಮಷಿನ್ ಅಟ್ಟಕ್ಕೆ ಹಾಕಿಬಿಡೋಣ ಅನ್ನಿಸಿದೆ. ಆರೋಗ್ಯ ಸುಧಾರಿಸಿದೆಯೋ ಇಲ್ಲವೋ ಅಂತ ತಿಳಿಯಲು ನೀವೆಲ್ಲ ಏನು ನೋಡುತ್ತೀರಿ? ಅನುಭವ ಇದ್ದವರು ಹೇಳಿ.

ಬೇಲೂರಿನಿಂದ

ಮೇಡಂ, ನನ್ನದು ಉಲ್ಟಾ ಕತೆ. ಎತ್ತರ ಐದಡಿ ಆರಿಂಚು. ತೂಕ ಇಪ್ಪತ್ತು ವರ್ಷದಿಂದ 62 ದಾಟಿಲ್ಲ. ನೆಂಟರಿಗೆಲ್ಲ ನಾನು "ಕಡ್ಡಿ". ಮದುವೆ ಮನೆಯಲ್ಲಿ ಹೋಳಿಗೆ ಎರಡು ಜಾಸ್ತಿ ಬೀಳುವುದೂ ನನ್ನ ಎಲೆಗೇ.

ಬೇರೆ ಮಾತು ಹೇಳುತ್ತಿದ್ದದ್ದು ಉಡಿದಾರ ಒಂದೇ. ಹೊಸದು ಕಟ್ಟಿಕೊಳ್ಳಲು ಹೋದೆ, ಗಂಟು ಹಾಕುವಷ್ಟೂ ತುದಿ ಉಳಿಯಲಿಲ್ಲ. ಅಂಗಡಿಯವನು ಗಿಡ್ಡ ದಾರ ಕೊಟ್ಟಿದ್ದಾನೆ ಅಂತ ಬೈದುಕೊಂಡೆ. ಹೆಂಡತಿ ಬಿಚ್ಚಿಟ್ಟಿದ್ದ ಹಳೆಯದನ್ನು ತಂದು ಪಕ್ಕದಲ್ಲಿ ಹಿಡಿದಳು. ಉದ್ದ ಒಂದೇ. ಆ ಹಳೆಯದು ಸೊಂಟದ ಮೇಲೆ ಬಿಟ್ಟ ಕೆಂಪು ಗೆರೆ ಇನ್ನೂ ಮಾಸಿರಲಿಲ್ಲ. ಆದರೂ ಸುಮ್ಮನಿದ್ದೆ. ತೂಕ ಸರಿ ಇದೆಯಲ್ಲ, ಇನ್ನೇನು?

2025ರ ಜೂನ್-ಜುಲೈನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ದಿನಾ ಟಿವಿಯಲ್ಲಿ ಬರುತ್ತಿತ್ತಲ್ಲ. ಜನ ಹೆದರಿ ಮೈಸೂರಿನ ಜಯದೇವದ ಮುಂದೆಯೂ ಸಾಲು ನಿಂತರು. ಆ ಭಯದಲ್ಲೇ ನಾನೂ ಇಲ್ಲಿ ಪರೀಕ್ಷೆ ಮಾಡಿಸಿದೆ. ಇಸಿಜಿ ಚೆನ್ನಾಗಿತ್ತು. ಖಾಲಿ ಹೊಟ್ಟೆಯ ಶುಗರ್ 118. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.2. ಅದು 6.5 ಮುಟ್ಟಿದರೆ ಡಯಾಬಿಟಿಸ್, ನಾನು ಹೊಸ್ತಿಲ ಮೇಲಿದ್ದೆ. ಡಾಕ್ಟರು ಟೇಪ್ ಹಿಡಿದು ಹೊಟ್ಟೆಯ ಸುತ್ತಳತೆ ನೋಡಿದರು, 94 ಸೆಂ.ಮೀ. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು ಅಂದರು.

ನಾನು ನಂಬದೆ ಮುಖ ನೋಡಿದ್ದಕ್ಕೆ ಅವರೇ ಒಂದು ವಿಷಯ ಹೇಳಿದರು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಬರೆದರಂತೆ. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ನನ್ನದೂ ಆ ಪುಣೆಯವರ ಜಾತಿಯ ಮೈ ಅಂತ ಆಗ ಗೊತ್ತಾಯಿತು.

ಈಗ ಎರಡು ಮುದ್ದೆ ಒಂದಾಗಿದೆ, ಸೊಪ್ಪು-ಕಾಳು ಜಾಸ್ತಿ ಆಗಿದೆ, ರಾತ್ರಿ ಊಟ ಆದ ಮೇಲೆ ನಡೆಯುತ್ತೇನೆ. ಒಂದು ವರ್ಷದಲ್ಲಿ ತೂಕ ಇಳಿದದ್ದು ಒಂದೇ ಕೆಜಿ, ನಿಮ್ಮ ಹಾಗೇ. ಆದರೆ ಉಡಿದಾರದೊಳಗೆ ಎರಡು ಬೆರಳು ತೂರುತ್ತದೆ. ಎಚ್‌ಬಿಎ1ಸಿ 5.8ಕ್ಕೆ ಬಂದಿದೆ.

ಚನ್ನರಾಯಪಟ್ಟಣದಿಂದ (ನರ್ಸ್ ಆಗಿದ್ದೇನೆ)

ಅಕ್ಕ, ಮೇಲಿನವರು ಹೇಳಿದ ಟೇಪ್ ವಿಷಯಕ್ಕೆ ಒಂದು ಮಾತು. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಅಳೆಯಬೇಡಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ, ಇವೆರಡರ ಮಧ್ಯ ಅಳೆಯಬೇಕು. ಉಸಿರು ಬಿಟ್ಟಾದ ಮೇಲೆ ನೋಡಿ. ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು. ಎಲ್ಲರೂ ಎಳೆದುಕೊಳ್ಳುತ್ತಾರೆ, ನಾನೂ. ಟೇಪ್ ಇಲ್ಲದಿದ್ದರೆ ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಅರ್ಧಕ್ಕೆ ಮಡಚಿ ಸುತ್ತಿ. ತುದಿ ಕೂಡಿದರೆ ಸರಿ.

ಬಿಪಿ ನೋಡುವ ಮುಂಚೆ ಐದು ನಿಮಿಷ ಸುಮ್ನೆ ಕೂತಿರಿ. ಅರ್ಧ ಗಂಟೆ ಮೊದಲಿನಿಂದ ಕಾಫಿ ಬೇಡ. ಥೈರಾಯ್ಡ್ ನೋಡಿಸಿಲ್ಲ ಅಂದರೆ ಒಮ್ಮೆ ನೋಡಿಸಿ, ತೂಕ ಇಳಿಯದಿರಲು ಅದೂ ಕಾರಣ ಇರಬಹುದು. ಮತ್ತೆ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಬಿಎಂಐ 26 ಬರುತ್ತದೆ. ನಮ್ಮವರಿಗೆ 23 ದಾಟಿದರೆ ಜಾಸ್ತಿ, 25ರ ಮೇಲೆ ಬೊಜ್ಜು ಅಂತ ಲೆಕ್ಕ. ಆದ್ದರಿಂದ ಮಷಿನ್ ಅಟ್ಟಕ್ಕೆ ಬೇಡ, ಮಂಚದ ಕೆಳಗಿರಲಿ. ತಿಂಗಳಿಗೊಮ್ಮೆ ಹತ್ತಿ. ದಿನಾ ಹತ್ತಿದರೆ ಉಪ್ಪಿನಕಾಯಿ ಜಾಸ್ತಿ ತಿಂದದ್ದೂ ತೂಕವಾಗಿ ಕಾಣುತ್ತದೆ.

ಮೂಡಿಗೆರೆ ಕಡೆಯಿಂದ

ತೂಕ ಇಳಿದರೆ ಒಳ್ಳೆಯದೇ ಅಂದುಕೊಳ್ಳಬೇಡಿ ಮಾರಾಯ್ರೆ. ರಾತ್ರಿ ಊಟ ಬಿಟ್ಟು ಆರು ಕೆಜಿ ಇಳಿಸಿದೆ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ನಮ್ಮ ಕಾಫಿ ಕಣದಿಂದ ಮನೆಗೆ ಸಣ್ಣ ಏರು ಇದೆ. ಅರ್ಧ ಏರಿ ಹಲಸಿನ ಮರಕ್ಕೆ ಕೈ ಊರಿ ನಿಲ್ಲುತ್ತಿದ್ದೆ. ಬಾಚಣಿಗೆ ತುಂಬಾ ಕೂದಲು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.6. ಹೆಂಗಸರಿಗೆ 12 ಆದರೂ ಇರಬೇಕು. ಕಬ್ಬಿಣದ ಮಾತ್ರೆ ಕೊಟ್ಟರು, ಅದರ ಜೊತೆ ಕಾಫಿ ಕುಡಿಯಬೇಡಿ ಅಂದರು. ಕಾಫಿ ತೋಟದ ಮನೆಯಲ್ಲಿ! ಈಗ ಮೂರು ಕೆಜಿ ವಾಪಸ್ ಬಂದಿದೆ. ಹಲಸಿನ ಮರದ ಹತ್ತಿರ ನಿಲ್ಲುವುದಿಲ್ಲ.

ಶ್ರವಣಬೆಳಗೊಳದಿಂದ

ನನ್ನ ಮಷಿನ್ ವಿಂಧ್ಯಗಿರಿ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು. ಎಷ್ಟು ಸಲ ಕೂತೆ ಅಂತ ಎಣಿಸುತ್ತೇನೆ. ಮೊದಲು ಏಳು, ಈಗ ಎರಡು. ಮೊಮ್ಮಗಳ ಜೊತೆ ಫೋಟೋಗೆ ಕೂತದ್ದು ಲೆಕ್ಕಕ್ಕಿಲ್ಲ. ಎದೆ ಬಿಗಿ ಹಿಡಿದರೆ ಮಾತ್ರ ಹಟ ಮಾಡಿ ಏರಬೇಡಿ, ಇಳಿದು ಡಾಕ್ಟರ ಹತ್ತಿರ ಹೋಗಿ.

ಕೇಳಿದವರು, ಹಾಸನ

ಎಲ್ಲರಿಗೂ ಥ್ಯಾಂಕ್ಸ್. ದಾರ ಸುತ್ತಿ ನೋಡಿದೆ, ತುದಿಗೆ ಇನ್ನೂ ನಾಲ್ಕು ಬೆರಳು ಸಾಲದು. ಸುತ್ತಳತೆ 86. ಮೊದಲು ಎಷ್ಟಿತ್ತು ಅಂತ ಅಳೆದೇ ಇರಲಿಲ್ಲವಲ್ಲ ಅಂತ ಬೇಜಾರಾಯಿತು. ಆಮೇಲೆ ಟೈಲರ್ ನೆನಪಾದರು. ಹೋಗಿ ಅವರ ಅಳತೆ ಪುಸ್ತಕ ತೆಗೆಸಿದೆ. ನಡಿಗೆ ಶುರು ಮಾಡುವ ಮುಂಚೆ ಚೂಡಿದಾರ್‌ಗೆ ಬರೆದುಕೊಂಡದ್ದು, ಸೊಂಟ 36 ಇಂಚು. ಅಲ್ಲೇ ಮತ್ತೆ ಅಳೆಸಿದೆ, 34. ನನ್ನ ಹೆಸರಿನ ಮುಂದೆ 36 ಹೊಡೆದು ಹಾಕಿಸಿ ಬಂದೆ. ಶನಿವಾರ ರಕ್ತ ಪರೀಕ್ಷೆಗೆ ಹೋಗುತ್ತಿದ್ದೇನೆ, ಥೈರಾಯ್ಡೂ ಸೇರಿಸಿ. ಎರಡು ಹಳೆ ಟಾಪ್ ಸೈಡ್ ಹಿಡಿಯಲು ಕೊಟ್ಟಿದ್ದೇನೆ.