ಕಂಬಿ ಕೆಲಸಕ್ಕೆ ಸೇರ್ಬೇಕು ಅಂತಿದ್ದೇನೆ, ಗೊತ್ತಿದ್ದವರು ಹೇಳಿ

ಪ್ರಶ್ನೆ (ಬದಿಯಡ್ಕದಿಂದ): ಅಣ್ಣ, ನನ್ನ ಪ್ಲಸ್ ಟು ಮುಗೀತು, ಮುಂದೆ ಓದ್ಲಿಕ್ಕೆ ಮನಸ್ಸಿಲ್ಲ. ಮಾವನ ಪರಿಚಯದ ಮೇಸ್ತ್ರಿ ಒಬ್ರು ಕಾಂಕ್ರೀಟಿನೊಳಗಿನ ಕಬ್ಬಿಣದ ಕಂಬಿ ಕಟ್ಟುವ ಕೆಲಸಕ್ಕೆ ಬಾ ಅಂತಿದ್ದಾರೆ, ಅಮ್ಮನಿಗೆ ಹೆದರಿಕೆ. ಕಲೀಲಿಕ್ಕೆ ಎಷ್ಟು ಸಮಯ ಬೇಕು?

ಉತ್ತರ: ತಮ್ಮಾ, ನಾನು ಮಂಜೇಶ್ವರದವ, ಈ ಕೆಲಸಕ್ಕೆ ಇಳಿದು 19 ವರ್ಷ ಆಯ್ತು. ಕಟ್ಟೋದು ಒಂದೆರಡು ತಿಂಗಳಲ್ಲಿ ಬರ್ತದೆ. ಬೈಂಡಿಂಗ್ ವಯರ್ ಎರಡೆಳೆ ಮಡಚಿ ಕಂಬಿಯ ಅಡಿಯಿಂದ ತಂದು ಹುಕ್ಕು ಸಿಕ್ಕಿಸಿ ತಿರುಗಿಸೋದು, ಒಂದು ಸುತ್ತು ಕಮ್ಮಿಯಾದ್ರೆ ಸಡಿಲ, ಒಂದು ಸುತ್ತು ಹೆಚ್ಚಾದ್ರೆ ವಯರ್ ಪಟ್ಟಂತ ತುಂಡು, ಅದು ಕೈಗೇ ಗೊತ್ತಾಗ್ಬೇಕು. ಮೊದಲ ವಾರ ಬೆರಳೆಲ್ಲ ಗೀರು, ಟಿಟಿ ಇಂಜೆಕ್ಷನ್ ಹಾಕಿಸ್ಕೊಂಡೇ ಹೋಗು. ಏಪ್ರಿಲ್ ಬಿಸಿಲಲ್ಲಿ ಕಂಬಿ ಬರಿಗೈಲಿ ಮುಟ್ಲಿಕ್ಕೆ ಆಗೋದಿಲ್ಲ, ದಿನವಿಡೀ ಬಗ್ಗಿ ಸೊಂಟ ಹಿಡೀತದೆ. ಮಳೆಗಾಲದಲ್ಲಿ ಕೆಲಸ ಕಮ್ಮಿ, ಆ ತಿಂಗಳುಗಳಿಗೆ ದುಡ್ಡು ತೆಗೆದಿಡ್ಬೇಕು.

ಆದ್ರೆ ನಿಜವಾದ ಕೆಲಸ ಅಂದ್ರೆ ಯಾವ ಕಂಬಿ ಎಲ್ಲಿ ಕೂತ್ಕೊಳ್ಬೇಕು ಅಂತ ತಿಳಿಯೋದು. ನಾನು ಸೇರಿ ಎರಡನೇ ವರ್ಷ ಒಂದು ಮನೆಯ ಸನ್‌ಶೇಡಿಗೆ ಕಂಬಿ ಕಟ್ಟಿ ಬಂದೆವು. ಗೋಡೆಯಿಂದ ಹೊರಗೆ ಚಾಚಿದ ಸ್ಲ್ಯಾಬಿಗೆ ಮುಖ್ಯ ಕಂಬಿ ಮೇಲ್ಗಡೆ ಇರ್ಬೇಕು, ಯಾಕಂದ್ರೆ ಭಾರಕ್ಕೆ ಅದು ಮೇಲಿಂದ ಬಿರಿಯೋದು. ನಾವು ಸರಿಯಾಗೇ ಇಟ್ಟಿದ್ದೆವು. ಮರುದಿನ ಕಾಂಕ್ರೀಟ್ ಹಾಕುವವರು ಬಾಣಲೆ ಹೊತ್ಕೊಂಡು ಅದರ ಮೇಲೇ ನಡೆದು ಕಂಬಿಯೆಲ್ಲ ಅಡಿಗೆ ಹೋಯ್ತು, ನಮ್ಮವರು ಒಬ್ರೂ ಅಲ್ಲಿರ್ಲಿಲ್ಲ. ಹಲಗೆ ಬಿಚ್ಚಿದ ದಿನವೇ ಸನ್‌ಶೇಡ್ ಗೋಡೆಗೆ ಸೇರುವಲ್ಲಿ ಬಿರುಕು, ಒಡೆದು ಪುನಃ ಮಾಡ್ಬೇಕಾಯ್ತು. ಅಡಿಯಲ್ಲಿ ಯಾರೂ ನಿಂತಿರ್ಲಿಲ್ಲ, ದೇವರು ದೊಡ್ಡವ. ಅವತ್ತಿಂದ ಸ್ಲ್ಯಾಬ್ ಹಾಕುವ ದಿನ ಸಂಬಳ ಕೊಡ್ಲಿ ಬಿಡ್ಲಿ ನಾನು ಹುಕ್ಕು ಹಿಡ್ಕೊಂಡು ಅಲ್ಲೇ ಇರ್ತೇನೆ, ಕೂತ ಕಂಬಿ ಎತ್ತಿ ಚೇರ್ (ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ ಬಗ್ಗಿಸಿದ ಕಂಬಿ) ಸರಿ ಮಾಡ್ತಾ. ನಿನ್ನ ಮೇಸ್ತ್ರಿ ಆ ದಿನ ಸೈಟಲ್ಲಿ ಇರ್ತಾರಾ ಅಂತ ಮೊದಲು ವಿಚಾರಿಸು, ಇರ್ತಾರೆ ಅಂದ್ರೆ ಕಣ್ಮುಚ್ಚಿ ಹೋಗು.

ಪ್ರಶ್ನೆ (ಕುಂಬಳೆಯಿಂದ): ನಮ್ಮ ಮನೆ ಕೆಲಸ ನಡೀತಾ ಉಂಟು, ಕಡಲಿಗೆ ಹತ್ತಿರ. ಕಂಬಿ ಅಡಿಗೆ ಜಲ್ಲಿಕಲ್ಲು ಇಟ್ರೆ ಸಾಕು ಅಂತಾರೆ, ಹೌದಾ?

ಉತ್ತರ: ಬೇಡ ಅಕ್ಕ, ಕಾಲು ತಾಗಿದ್ರೆ ಜಲ್ಲಿ ಜಾರ್ತದೆ, ಕಂಬಿ ಹಲಗೆಗೆ ಅಂಟ್ತದೆ. ಸಿಮೆಂಟಿನ ಕವರ್ ಬ್ಲಾಕೇ ಇಡಿಸಿ. ಒಳನಾಡಿನ ಸ್ಲ್ಯಾಬಿಗೆ 20 ಎಂಎಂ ಕವರ್ (ಕಂಬಿಗೂ ಹೊರಮೈಗೂ ನಡುವಿನ ಕಾಂಕ್ರೀಟಿನ ದಪ್ಪ) ಇಡ್ತಾರೆ, ಆದ್ರೆ ಕಡಲ ಗಾಳಿ ನೇರ ಬಡಿಯುವಲ್ಲಿ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳೋದು 45 ಎಂಎಂ, ನಿಮ್ಮ ಜಾಗಕ್ಕೆ ಎಷ್ಟು ಅಂತ ಇಂಜಿನಿಯರ್ ಹತ್ರ ಡ್ರಾಯಿಂಗಲ್ಲೇ ಬರೆಸಿ. ಉಪ್ಪು ಕಂಬಿಗೆ ಮುಟ್ಟಿದ್ರೆ ತುಕ್ಕು ಉಬ್ಬಿ ಕಾಂಕ್ರೀಟನ್ನೇ ಒಡೆದು ಹಾಕ್ತದೆ. ಕಂಬದ ಉದ್ದ ಕಂಬಿಗಳ ಸುತ್ತ ಹಾಕುವ ರಿಂಗಿನ ತುದಿ ಒಳಗಡೆಗೆ 135 ಡಿಗ್ರಿ ಬಗ್ಗಿದೆಯಾ ಅಂತಾನೂ ನೋಡಿ, ಬರೀ ಮೂಲೆಗೆ ಮಡಚಿದ್ರೆ ಭೂಕಂಪ ಬಂದ್ರೆ ಬಿಚ್ಕೊಳ್ತದೆ.

ಪ್ರಶ್ನೆ (ಬದಿಯಡ್ಕದ ಹುಡುಗನೇ): ಥ್ಯಾಂಕ್ಸ್ ಅಣ್ಣ. ಕಟ್ಟಿದ ಕಂಬಿಯ ಕಿಲೋ ಲೆಕ್ಕದಲ್ಲಿ ಸಂಬಳ ಅಂತಾರಲ್ಲ, ಮೋಸ ಆಗೋದಿಲ್ವಾ?

ಉತ್ತರ: ಲೆಕ್ಕ ಗೊತ್ತಿಲ್ದಿದ್ರೆ ಆಗ್ತದೆ. ಕಂಬಿಯ ದಪ್ಪವನ್ನು ಎಂಎಂನಲ್ಲಿ ತೆಗೊಂಡು ಅದರಿಂದಲೇ ಗುಣಿಸಿ 162ರಿಂದ ಭಾಗಿಸು, ಒಂದು ಮೀಟರಿನ ಕಿಲೋ ಸಿಗ್ತದೆ. 12 ಎಂಎಂ ಕಂಬಿ ಮೀಟರಿಗೆ 0.89 ಕಿಲೋ, 12 ಮೀಟರಿನ ಒಂದು ಕಂಬಿ ಸುಮಾರು 10.7. ನೀನು ಪ್ಲಸ್ ಟು ಓದಿದವ, ಬಾರ್ ಬೆಂಡಿಂಗ್ ಶೆಡ್ಯೂಲ್ (ಯಾವ ಕಂಬಿ ಎಷ್ಟು ಉದ್ದ, ಹೇಗೆ ಬಗ್ಗಿಸ್ಬೇಕು, ಎಷ್ಟು ಬೇಕು ಅನ್ನುವ ಪಟ್ಟಿ) ಓದ್ಲಿಕ್ಕೆ ಕಲಿ, ಒಂದು ನೋಟ್‌ಬುಕ್ಕಿಡು, ಸಂಜೆ ಕಟ್ಟಿದ್ದಷ್ಟನ್ನೂ ಬರಿ. ಸ್ವಲ್ಪ ಹಿಂದಿಯೂ ಕಲಿ, ಬಂಗಾಳ ಒಡಿಶಾದವರೇ ಜಾಸ್ತಿ ಈಗ, ಅವರಲ್ಲಿ ಒಳ್ಳೆ ಕೈಯವರಿದ್ದಾರೆ.

18 ತುಂಬಿದ್ದರೆ 90 ದಿನ ಕೆಲಸ ಆದ್ಮೇಲೆ ನಿರ್ಮಾಣ ಕಾರ್ಮಿಕರ ಕ್ಷೇಮನಿಧಿಗೆ ಅರ್ಜಿ ಹಾಕು, ಉದಾಸೀನ ಮಾಡ್ಬೇಡ. ಅಮ್ಮನಿಗೆ ಹೇಳು, ಹೆಲ್ಮೆಟ್, ಬೂಟು, ಎತ್ತರದಲ್ಲಿ ಎರಡು ಹಗ್ಗದ ಬೆಲ್ಟ್ ಇಲ್ದೆ ಮೇಲೆ ಹತ್ತೋದಿಲ್ಲ ಅಂತ. ಮತ್ತೆ ನೆಟ್ಟಗೆ ನಿಂತ ಕಂಬಿ ತುದಿಗಳಿಗೆ ಟೋಪಿ ಹಾಕಿದ್ದಾರಾ ನೋಡು, ಹಾಕಿಲ್ಲಾಂದ್ರೆ ಮೇಸ್ತ್ರಿ ಹತ್ರ ಹೇಳಿ ಹಾಕಿಸು, ಯಾರಾದ್ರೂ ಜಾರಿ ಅದರ ಮೇಲೆ ಬಿದ್ರೆ ಮುಗೀತು. ಮೇಸ್ತ್ರಿ ಏನಂದ್ರು ಅಂತ ಇಲ್ಲೇ ಬರಿ, ನಾನು ಸಂಜೆ ಏಳರ ಮೇಲೆ ನೋಡ್ತೇನೆ.