ಜೌಗು, ಹುಲ್ಲುಗಾವಲಿನ 15 ವರ್ಷದ ಯೋಜನೆ: ಜನರನ್ನು ಯಾವಾಗ ಕರೆಯಬೇಕು, ಏನು ಕೇಳಬೇಕು?

ಜೌಗಿನಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜೌಗುಭೂಮಿಯೂ ಅದರ ಮಗ್ಗುಲಿಗೇ ಹುಲ್ಲುಗಾವಲೂ ಇರುವ ಒಂದು ಸಂರಕ್ಷಿತ ಪ್ರದೇಶಕ್ಕೆ 15 ವರ್ಷದ ನಿರ್ವಹಣಾ ಯೋಜನೆ ಆಗಬೇಕಿದೆ. ದನ-ಕುರಿ ಮೇಯಿಸುವವರು, ಮೀನು ಹಿಡಿಯುವವರು, ಸುತ್ತಲಿನ ರೈತರು, ಹಕ್ಕಿ ನೋಡಲು ಬರುವವರು, ಎಲ್ಲರಿಗೂ ಆ ಜಾಗ ಬೇಕು. ತಜ್ಞರು ಕರಡು ಬರೆಯಲಿ, ಆಮೇಲೆ ಒಂದು ಸಭೆ ಕರೆದು ಆಕ್ಷೇಪಣೆಗೆ 30 ದಿನ ಕೊಟ್ಟರಾಯಿತು ಎಂಬುದು ಸದ್ಯದ ಯೋಚನೆ. ಅಷ್ಟು ಸಾಕೇ? ಜನರನ್ನು ಯಾವ ಹಂತದಲ್ಲಿ ಕರೆಯಬೇಕು, ಕರೆದು ಏನು ಕೇಳಬೇಕು, ಬಂದ ಅಭಿಪ್ರಾಯಗಳನ್ನು ಏನು ಮಾಡಬೇಕು? ದಯವಿಟ್ಟು ವಿವರವಾಗಿ ತಿಳಿಸಿ.

ಗರಿಕೆ

ಕರಡು ಬಂದ ಮೇಲೆ ಕರೆದರೆ ತಡವಾಯಿತು. ಕರಡಿನಲ್ಲಿ ತೂಬಿನ ಮಟ್ಟ, ಮೇಯಿಸುವ ವಲಯದ ಗಡಿ, ವರ್ಷವಾರು ಖರ್ಚು ಎಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದನ್ನು ಅಲುಗಿಸಿದರೆ ಹತ್ತು ಕಡೆ ತಿದ್ದಬೇಕು, ಹಾಗಾಗಿ ಯಾರೂ ತಿದ್ದುವುದಿಲ್ಲ. ಸಭೆಗೆ ಬಂದವರಿಗೆ ಒಪ್ಪಿಗೆ ಅಥವಾ ವಿರೋಧ ಎರಡೇ ಉಳಿಯುತ್ತವೆ. ಪರಿಸರದ ನಿರ್ಧಾರಗಳಲ್ಲಿ ಜನರ ಪಾಲ್ಗೊಳ್ಳುವಿಕೆ ಕುರಿತ 1998ರ ಅಂತರರಾಷ್ಟ್ರೀಯ ಆರ್ಹಸ್ ಒಪ್ಪಂದ ಇದಕ್ಕೇ ಹೇಳಿದ್ದು, ಎಲ್ಲ ಆಯ್ಕೆಗಳೂ ತೆರೆದಿರುವಾಗಲೇ ಜನರನ್ನು ಕರೆಯಬೇಕು ಅಂತ.

ಮೂರು ಸುತ್ತು ಇಟ್ಟುಕೊಳ್ಳಿ. ಮೊದಲ ಸುತ್ತಿನಲ್ಲಿ ಯೋಜನೆಯ ಒಂದು ಹಾಳೆಯೂ ಇರಬಾರದು. ನಕ್ಷೆ ಮತ್ತು ಪ್ರಶ್ನೆಗಳು ಮಾತ್ರ. ಕಾನೂನಿನ ಪ್ರಕಾರ ಬದಲಿಸಲು ಬಾರದ ವಿಷಯಗಳಿದ್ದರೆ ಅವನ್ನೂ ಅಂದೇ ಒಂದು ಪುಟದಲ್ಲಿ ಬರೆದು ಹಂಚಿ. ಆಗದ್ದನ್ನು ಆಗುತ್ತದೆ ಅನ್ನಿಸಿಬಿಟ್ಟರೆ ಮುಂದಿನ ಸಭೆಗೆ ಯಾರೂ ಬರುವುದಿಲ್ಲ.

ಎರಡನೇ ಸುತ್ತಿಗೆ ಮೂರು ಪರ್ಯಾಯ ಬೇಕು: ಈಗ ನಡೆಯುತ್ತಿರುವುದನ್ನೇ ಮುಂದುವರಿಸುವುದು ಒಂದು, ನಿಜವಾಗಿಯೂ ಬೇರೆಯಾದವು ಎರಡು. ಪ್ರತಿಯೊಂದರಲ್ಲೂ ಯಾರಿಗೆ ಏನು ಸಿಗುತ್ತದೆ, ಯಾರಿಗೆ ಏನು ತಪ್ಪುತ್ತದೆ, ಖರ್ಚೆಷ್ಟು ಎಂದು ಬರೆದಿರಬೇಕು. ತಮಗೆ ಬೇಕಾದ ಒಂದನ್ನು ಚೆಂದ ಮಾಡಿ, ಉಳಿದೆರಡನ್ನು ಯಾರೂ ಒಪ್ಪದ ಹಾಗೆ ಬರೆಯುವ ಅಭ್ಯಾಸ ಎಲ್ಲ ಕಡೆ ಇದೆ. ಅದು ಜನರಿಗೆ ತಕ್ಷಣ ಗೊತ್ತಾಗುತ್ತದೆ.

ಮೂರನೆಯದು ಕರಡು. 200 ಪುಟದ ಕರಡನ್ನು ಓದಿ, ಊರಲ್ಲಿ ಕೂತು ಮಾತಾಡಿ, ಬರೆದು ಕಳಿಸಲು 30 ದಿನ ಎಲ್ಲಿ ಸಾಕಾಗುತ್ತದೆ? 60 ದಿನವಾದರೂ ಕೊಡಿ, ಜೊತೆಗೆ ಆಡುಮಾತಿನಲ್ಲಿ 8-10 ಪುಟದ ಸಾರಾಂಶವನ್ನೂ ಕೊಡಿ.

ಕೇಳದೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಭರತಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನವನ್ನು ನೋಡಿ. 1982ರಲ್ಲಿ ಅಲ್ಲಿ ಎಮ್ಮೆ-ದನ ಮೇಯಿಸುವುದನ್ನು ನಿಷೇಧಿಸಿದರು. ವಿರೋಧಿಸಿದವರ ಮೇಲೆ ಗೋಲಿಬಾರ್ ಆಗಿ ಜೀವಗಳೇ ಹೋದವು. ಆಮೇಲೆ ಆದದ್ದೇನು? ಎಮ್ಮೆಗಳು ಮೇಯ್ದು ಹದದಲ್ಲಿಟ್ಟಿದ್ದ ಪಾಸ್ಪಾಲಮ್ ಹುಲ್ಲು ನೀರಿನ ಮೇಲೆ ಚಾಪೆ ಹಾಸಿದಂತೆ ಹಬ್ಬಿತು, ಬಾತುಗಳಿಗೆ ಬೇಕಾದ ತೆರೆದ ನೀರು ಕಡಿಮೆಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನವೇ ಇದನ್ನು ತೋರಿಸಿತು. ಯಾವ ತಿಂಗಳು ಎಮ್ಮೆ ನೀರಿಗಿಳಿದು ಏನು ತಿನ್ನುತ್ತದೆ ಎಂಬುದು ಮೇಯಿಸುವವರು ದಿನಾ ಕಣ್ಣಾರೆ ನೋಡುವ ಸಂಗತಿ.

ನೀರಳತೆ

ಗರಿಕೆಯವರ ಮಾತಿಗೆ ನನ್ನ ಪೂರ್ತಿ ಸಹಮತ. ಇನ್ನು ಏನು ಕೇಳಬೇಕು ಅನ್ನುವುದು. "ನಿಮ್ಮ ಅಭಿಪ್ರಾಯ ಏನು?" ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಮೈಕ್ ಹಿಡಿದು ರೂಢಿಯಿರುವ ನಾಲ್ಕು ಜನ ಮಾತಾಡುತ್ತಾರೆ, ಉಳಿದವರು ಎದ್ದು ಹೋಗುತ್ತಾರೆ. ಅಲ್ಲಿ ಓಡಾಡುವವರಿಗಷ್ಟೇ ಗೊತ್ತಿರುವುದನ್ನು ಕೇಳಿ.

8-10 ಜನರ ಗುಂಪು ಮಾಡಿ. ಮೀನು ಹಿಡಿಯುವವರದು ಬೇರೆ, ಮೇಯಿಸುವವರದು ಬೇರೆ, ಜೊಂಡು ಕೊಯ್ಯುವ, ಸೊಪ್ಪು ಕೀಳುವ ಹೆಂಗಸರದು ಬೇರೆ. ಪ್ರತಿ ಗುಂಪಿಗೂ 1:10,000 ಅಳತೆಯ ನಕ್ಷೆ ಕೊಡಿ. ಅದರಲ್ಲಿ 1 ಸೆಂ.ಮೀ ಅಂದರೆ ನೆಲದ ಮೇಲೆ 100 ಮೀಟರ್, ಹೊಂಡ-ಹಳ್ಳ ಗುರುತು ಸಿಗುತ್ತವೆ. ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬರುತ್ತದೆ ಅನ್ನುವುದನ್ನು ನೀಲಿ ಗೆರೆಯಲ್ಲಿ, ಬೇಸಿಗೆಯ ನೀರಂಚನ್ನು ಕೆಂಪಿನಲ್ಲಿ ಅವರೇ ಎಳೆಯಲಿ. ಬರದ ವರ್ಷವೂ ಒಣಗದ ಗುಂಡಿಗಳಿಗೆ ಕಪ್ಪು ಚುಕ್ಕೆ. ಮೀನಿನ ಸಂತತಿ ಉಳಿಯುವುದೇ ಆ ಗುಂಡಿಗಳಲ್ಲಿ, ಹಾಗಾಗಿ ಯೋಜನೆಯಲ್ಲಿ ಅವಕ್ಕೆ ಬೇರೆಯೇ ನಿಯಮ ಬೇಕಾಗುತ್ತದೆ. ಒಂದು ಉಪಗ್ರಹ ಚಿತ್ರದಲ್ಲಿ ಆ ಒಂದು ದಿನದ ನೀರಷ್ಟೇ ಕಾಣುತ್ತದೆ. ಮರುದಿನ ಗುಂಪಿನ ಇಬ್ಬರೊಂದಿಗೆ ನಡೆದು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳಿ. ನಕ್ಷೆಯ ಒಂದು ಪ್ರತಿ ಅವರ ಹತ್ತಿರವೇ ಇರಲಿ.

ಮುಖ್ಯ ಜಗಳ ಬರುವುದು ನೀರಿನ ಮಟ್ಟದ್ದು. ಕೆಸರಲ್ಲಿ ಕೊಕ್ಕು ಚುಚ್ಚಿ ಹುಳ ಹೆಕ್ಕುವ ಸಣ್ಣ ಉಲ್ಲಂಕಿಗಳಿಗೆ ಎರಡು ಬೆರಳಿನಷ್ಟು ನೀರು ಸಾಕು. ತಲೆ ಕೆಳಗೆ ಮಾಡಿ ಮೇಯುವ ಬಾತುಗಳಿಗೆ ಒಂದು ಗೇಣು. ಮೀನಿಗೆ ಬೇಸಿಗೆಯಲ್ಲಿ ಅದಕ್ಕಿಂತ ಎಷ್ಟೋ ಆಳ ಬೇಕು, ಅಂಚಿನ ರೈತನಿಗೆ ಬಿತ್ತನೆಗೆ ಮೊದಲು ಹೊಲದಿಂದ ನೀರು ಇಳಿಯಬೇಕು. ಇದನ್ನೆಲ್ಲ "ಸಾಕಷ್ಟು ನೀರು ಕಾಯ್ದುಕೊಳ್ಳಲಾಗುವುದು" ಎಂಬ ಒಂದು ಸಾಲಿನಲ್ಲಿ ಮುಗಿಸಿದರೆ 15 ವರ್ಷವೂ ಜಗಳವೇ. ತೂಬಿನ ಪಕ್ಕ ಸೆಂ.ಮೀ ಗುರುತಿನ ಅಳತೆಪಟ್ಟಿ ನಿಲ್ಲಿಸಿ, ಯಾವ ತಿಂಗಳ ಕೊನೆಗೆ ಎಷ್ಟು ಮಟ್ಟ, ತೂಬು ಎತ್ತುವುದು ಯಾರು, ಹಾಗೆ ಮಾಡುವ ಎಷ್ಟು ದಿನ ಮೊದಲು ಊರಿಗೆ ತಿಳಿಸಬೇಕು ಎಂಬುದನ್ನು ಬರೆದಿಡಿ. ಒಮ್ಮೆಗೇ ನೀರು ಹೊರಗೆ ಬಿಟ್ಟರೆ ಕೆಸರು ಬಿರುಕು ಬಿಟ್ಟು ಹಕ್ಕಿಗೂ ಮೀನಿಗೂ ಇಲ್ಲದಂತಾಗುತ್ತದೆ. ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಇಳಿಸಿದರೆ ಹಸಿ ಅಂಚು ಒಳಗೆ ಸರಿಯುತ್ತಾ ವಾರಗಟ್ಟಲೆ ಮೇವು ಕೊಡುತ್ತದೆ, ಮೀನೂ ಆಳದ ಗುಂಡಿ ಸೇರಿಕೊಳ್ಳುತ್ತದೆ.

ನೀರು ಹರಿದು ಬರುವ ಮೇಲ್ಭಾಗದ ಹಳ್ಳಿಗಳವರನ್ನೂ ಕರೆಯಿರಿ. ಒಡಿಶಾದ ಚಿಲಿಕಾ ಸರೋವರಕ್ಕೆ ಹೂಳು ಬರುತ್ತಿದ್ದದ್ದು ನದಿಗಳ ಜಲಾನಯನದಿಂದ, ಸರೋವರದ ಗಡಿಯ ಆಚೆಯಿಂದ. 2000ದಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆದದ್ದರ ಜೊತೆಗೆ ಜಲಾನಯನದಲ್ಲೂ ಜನರೊಂದಿಗೆ ಕೆಲಸ ಮಾಡಿದರು. 2002ರಲ್ಲಿ ಅದು ಅಪಾಯದಲ್ಲಿರುವ ರಾಮ್ಸಾರ್ ತಾಣಗಳ (ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ) ಮೊಂತ್ರೋ ಪಟ್ಟಿಯಿಂದ ಹೊರಬಂತು.

ಜೌಗಿನಂಚು

ತುಂಬಾ ಉಪಕಾರವಾಯಿತು. ನೀರಿಗೆ ಅಳತೆಪಟ್ಟಿ ಇದೆ ಸರಿ, ಹುಲ್ಲಿಗೆ? "ಹುಲ್ಲು ಹಾಳಾಗಿದೆ" ಅಂತ ಒಬ್ಬರು, "ಚೆನ್ನಾಗೇ ಇದೆ" ಅಂತ ಇನ್ನೊಬ್ಬರು. ಜನರೇ ಅಳೆಯುವ ಯಾವುದಾದರೂ ವಿಧಾನ ಇದೆಯೇ?

ಕಾವಲ್‌ಹುಲ್ಲು

ಇದೆ, ಒಂದು ಕೋಲು ಸಾಕು. ಒಂದೂವರೆ ಮೀಟರ್ ಉದ್ದದ ನೆಟ್ಟನೆಯ ಕೋಲಿಗೆ 10 ಸೆಂ.ಮೀಗೊಂದರಂತೆ ಕಪ್ಪು-ಬಿಳಿ ಪಟ್ಟಿ ಬಳಿಯಿರಿ. ಕೋಲಿನ ಬುಡಕ್ಕೆ 4 ಮೀಟರ್ ದಾರ, ದಾರದ ತುದಿಗೆ 1 ಮೀಟರ್ ಎತ್ತರದ ಇನ್ನೊಂದು ಸಣ್ಣ ಕೋಲು. ಒಬ್ಬರು ದೊಡ್ಡ ಕೋಲನ್ನು ಹುಲ್ಲಿನ ನಡುವೆ ನೆಟ್ಟಗೆ ಹಿಡಿಯಬೇಕು, ಇನ್ನೊಬ್ಬರು ಸಣ್ಣ ಕೋಲಿನ ತುದಿಯ ಮಟ್ಟಕ್ಕೆ ಕಣ್ಣಿಟ್ಟು, ಹುಲ್ಲಿನ ಮರೆಯಿಂದ ಹೊರಗೆ ಕಾಣುವ ತೀರಾ ಕೆಳಗಿನ ಗುರುತನ್ನು ಓದಬೇಕು. ನಾಲ್ಕೂ ದಿಕ್ಕಿನಿಂದ ಓದಿ ಸರಾಸರಿ ತೆಗೆಯಿರಿ. ಅಮೆರಿಕದ ಹುಲ್ಲುಗಾವಲುಗಳಲ್ಲಿ ಇದನ್ನು ರೋಬೆಲ್ ಕೋಲು ಅನ್ನುತ್ತಾರೆ; ಹುಲ್ಲಿನ ಎತ್ತರ, ದಟ್ಟಣೆ ಎರಡನ್ನೂ ಒಂದೇ ಅಂಕಿಯಲ್ಲಿ ಹೇಳುತ್ತದೆ. ತಪ್ಪಾಗುವುದು ಎಲ್ಲಿ ಗೊತ್ತೇ? ಕೋಲು ಹಿಡಿಯಲು ಹೋದವರು ಓದುವ ಕಡೆಯ ಹುಲ್ಲನ್ನೇ ತುಳಿದುಬಿಡುತ್ತಾರೆ. ಹಿಂದಿನಿಂದ ಬಂದು ಹಿಡಿಯಬೇಕು. ಜಾಗಗಳನ್ನೂ ಮೊದಲೇ ಚೀಟಿ ಎತ್ತಿ ಆರಿಸಿ, ಇಲ್ಲದಿದ್ದರೆ ಕಾಲು ತಾನಾಗಿ ಒಳ್ಳೆಯ ಹುಲ್ಲಿನ ಕಡೆಗೇ ಹೋಗುತ್ತದೆ.

ಆದರೆ ಉದ್ದ ಹುಲ್ಲೇ ಗುರಿಯಾಗಬಾರದು. ಕೆಲವು ಹಕ್ಕಿ ಮೋಟು ಹುಲ್ಲಿನಲ್ಲಿ, ಕೆಲವು ಮೊಣಕಾಲೆತ್ತರದ್ದರಲ್ಲಿ ಮೊಟ್ಟೆ ಇಡುತ್ತವೆ. ಹುಲ್ಲುಗಾವಲನ್ನು ನಾಲ್ಕು ಪಾಲು ಮಾಡಿ ವರ್ಷಕ್ಕೊಂದಕ್ಕೆ ಬಿಡುವು ಕೊಟ್ಟರೆ ಎರಡೂ ಇರುತ್ತವೆ. ಯಾವ ಪಾಲು ಯಾವ ವರ್ಷ ಅನ್ನುವುದನ್ನು ಮೇಯಿಸುವವರೇ ಕೂತು ನಿರ್ಧರಿಸಲಿ, ನೀರು ಕುಡಿಸುವ ದಾರಿ ಗೊತ್ತಿರುವುದು ಅವರಿಗೆ. ಹುಲ್ಲು ಕೊಯ್ಯುವುದಿದ್ದರೆ ಗೂಡಿನ ಕಾಲ ಮುಗಿದ ಮೇಲೆ, ಅದೂ ನಡುವಿನಿಂದ ಹೊರಕ್ಕೆ. ಅಂಚಿನಿಂದ ಸುತ್ತುತ್ತಾ ಒಳಗೆ ಬಂದರೆ ಮರಿಗಳು ನಡುವೆ ಸಿಕ್ಕಿಬೀಳುತ್ತವೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಕರಡಿನಲ್ಲಿ ಹುಲ್ಲುಗಾವಲನ್ನು "ಪಾಳು ಭೂಮಿ" ಎಂದೋ "ಬರಡು" ಎಂದೋ ಬರೆದಿದ್ದರೆ ಮೊದಲ ದಿನವೇ ತಿದ್ದಿಸಿ. ಆ ಪದ ಉಳಿದರೆ ಮುಂದೆ ಅಲ್ಲಿ ಗಿಡ ನೆಡುವ ಕಾರ್ಯಕ್ರಮ ಬಂದೇ ಬರುತ್ತದೆ. ಗುಜರಾತಿನ ಬನ್ನಿ ಎಂಬ ಹುಲ್ಲುಗಾವಲಿನಲ್ಲಿ 1961ರಿಂದ ನೆಟ್ಟ ಬಳ್ಳಾರಿ ಜಾಲಿ ಹುಲ್ಲನ್ನು ನುಂಗುತ್ತಾ ಹಬ್ಬಿತು, ಇಂದಿಗೂ ಅದನ್ನು ಕಿತ್ತು ಮುಗಿದಿಲ್ಲ.

ಕಡತ

ಬಂದ ಅಭಿಪ್ರಾಯಗಳ ಬಗ್ಗೆ ಯಾರೂ ಹೇಳಿಲ್ಲ. ಐದು ಕಾಲಮಿನ ಪಟ್ಟಿ ಮಾಡಿ: ಕ್ರಮಸಂಖ್ಯೆ, ಹೇಳಿದ್ದರ ಸಾರ, ಕರಡಿನ ಯಾವ ಪುಟಕ್ಕೆ ಸಂಬಂಧ, ಏನು ಬದಲಾಯಿತು, ಬದಲಾಗದಿದ್ದರೆ ಯಾಕೆ. ಕೊನೆಯ ಕಾಲಮಿನಲ್ಲಿ "ಪರಿಶೀಲಿಸಲಾಗಿದೆ" ಅಂತ ಬರೆಯುವುದು ಉತ್ತರವಲ್ಲ. ಬಾಯಲ್ಲಿ ಹೇಳಿದ್ದಕ್ಕೂ ಸಂಖ್ಯೆ ಕೊಟ್ಟು ಬರೆದುಕೊಳ್ಳಿ, ಓದು-ಬರಹ ಬಾರದವರ ಮಾತು ಸಾಮಾನ್ಯವಾಗಿ ಅಲ್ಲೇ ಕಳೆದುಹೋಗುವುದು. ಒಂದೇ ಒಕ್ಕಣೆಯ 500 ಪತ್ರ ಬಂದರೆ ಸಂಖ್ಯೆ ನಮೂದಿಸಿ, ಆದರೆ ವಿಷಯ ಒಂದೇ ಎಂದು ಪರಿಗಣಿಸಿ. ಇದು ಮತದಾನವಲ್ಲ. "ಪುಟ 42ರ ನಕ್ಷೆಯಲ್ಲಿ ಹಳ್ಳ ತಪ್ಪು ಕಡೆ ಇದೆ" ಎಂಬ ಒಂದೇ ಪತ್ರ ಇಡೀ ವಲಯವನ್ನು ಬದಲಿಸಬಹುದು.

ಪರಿಷ್ಕರಣೆಯ ದಿನಾಂಕವನ್ನೂ ಯೋಜನೆಯಲ್ಲೇ ಹಾಕಿ. ಅಮೆರಿಕದ ರಾಷ್ಟ್ರೀಯ ವನ್ಯಜೀವಿ ಆಶ್ರಯತಾಣಗಳಿಗೆ 1997ರ ಕಾನೂನು 15 ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಿ, ಪರಿಸ್ಥಿತಿ ಬಹಳ ಬದಲಾದರೆ ಅದಕ್ಕೂ ಮೊದಲೇ ಮಾಡಿ ಅನ್ನುತ್ತದೆ. ನನ್ನ ಸಲಹೆ: 5ನೇ ಮತ್ತು 10ನೇ ವರ್ಷ ಅದೇ ಊರುಗಳಲ್ಲಿ ಅದೇ ನಕ್ಷೆ ಹಾಸಿ ಕೂರಿ, ನೀರಿನ ಮತ್ತು ಹುಲ್ಲಿನ ಅಂಕಿಗಳನ್ನು ಜೊತೆಗೆ ಒಯ್ಯಿರಿ. ಜವಾಬ್ದಾರಿಯನ್ನು ವ್ಯಕ್ತಿಯ ಹೆಸರಿಗೆ ಬರೆಯದೆ ಹುದ್ದೆಗೆ ಬರೆಯಿರಿ, ವರ್ಗಾವಣೆಯಾದರೂ ಕೆಲಸ ನಿಲ್ಲುವುದಿಲ್ಲ.

ಗರಿಕೆ

ಒಂದು ಬಿಟ್ಟುಹೋಗಿತ್ತು. ಸಭೆಯ ದಿನ ಗೊತ್ತು ಮಾಡುವ ಮೊದಲು ಯಾರು ಯಾವ ತಿಂಗಳು ಊರಲ್ಲಿರುವುದಿಲ್ಲ ಅಂತ ವಿಚಾರಿಸಿ. ಬಿತ್ತನೆ, ಕೊಯ್ಲಿನ ವಾರಗಳಲ್ಲಿ ರೈತರು ಸಿಗುವುದಿಲ್ಲ. ಕುರಿ ಹಿಂಡು ವಲಸೆ ಹೋಗಿರುವಾಗ ಸಭೆ ಇಟ್ಟರೆ ಹುಲ್ಲುಗಾವಲಿನ ಬಗ್ಗೆ ಮಾತಾಡಬೇಕಾದವರೇ ಇರುವುದಿಲ್ಲ. ಆಗ ನಕ್ಷೆ ಸುತ್ತಿಕೊಂಡು ಅವರು ಬೀಡುಬಿಟ್ಟಲ್ಲಿಗೇ ಸಂಜೆ ಹೋಗಿ, ಹಿಂಡು ಹಟ್ಟಿ ಸೇರಿದ ಮೇಲೆ.